ಶಾಖಾ ಕಚೇರಿಯ ಗಣಕ ಜಾಲ: ಮೀಸಲು ವ್ಯವಸ್ಥೆ ಮತ್ತು ಪುನಃಸ್ಥಾಪನೆ

೧. ಪೀಠಿಕೆ

ಉದ್ಯೋಗವನ್ನರಸಿ ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳನ್ನು ಸೇರಿದ ಕನ್ನಡಿಗರ ಬದುಕಿಗೂ ಬ್ಯಾಂಕಿನ ಶಾಖೆಗೂ ಹಳೆಯ ನಂಟಿದೆ. ಕರಾವಳಿ ಕರ್ನಾಟಕದಲ್ಲಿ ಹುಟ್ಟಿದ ಕೆನರಾ ಬ್ಯಾಂಕು (೧೯೦೬), ಕಾರ್ಪೊರೇಷನ್ ಬ್ಯಾಂಕು (೧೯೦೬), ಸಿಂಡಿಕೇಟ್ ಬ್ಯಾಂಕು (೧೯೨೫), ವಿಜಯಾ ಬ್ಯಾಂಕು (೧೯೩೧) ಈ ಮಹಾನಗರಗಳಿಗೆ ವಿಸ್ತರಿಸಿದಂತೆ ಅವುಗಳ ಕೌಂಟರಿನ ಎರಡೂ ಬದಿಗಳಲ್ಲಿ ಕನ್ನಡ ಮಾತು ಕೇಳಿಬರತೊಡಗಿತು. ಈ ನಾಲ್ಕರಲ್ಲಿ ವಿಜಯಾ ಬ್ಯಾಂಕು ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಹೆಸರುಗಳು ಬದಲಾದರೂ ಶಾಖೆಯ ಕೆಲಸ ನಿಂತಿಲ್ಲ. ಆದರೆ ಆ ಕೆಲಸ ನಡೆಯುವ ಬಗೆ ಮೂಲದಲ್ಲಿಯೇ ಬದಲಾಗಿದೆ.

ಲೆಡ್ಜರುಗಳ ಕಾಲದಲ್ಲಿ ಪ್ರತಿಯೊಂದು ಶಾಖೆಯೂ ತನ್ನಷ್ಟಕ್ಕೆ ಪೂರ್ಣವಾಗಿತ್ತು. ಮಾಟುಂಗದ ಗ್ರಾಹಕನ ಲೆಕ್ಕ ಮಾಟುಂಗದ ಕಪಾಟಿನಲ್ಲಿಯೇ ಇರುತ್ತಿತ್ತು. ಅಲ್ಲಿ ನೀರು ನುಗ್ಗಿದರೆ ಆ ಶಾಖೆಯ ಪುಸ್ತಕಗಳು ನೆನೆಯುತ್ತಿದ್ದವೇ ಹೊರತು ಫೋರ್ಟಿನ ಶಾಖೆಗೆ ಅದರ ಬಾಧೆ ತಟ್ಟುತ್ತಿರಲಿಲ್ಲ. ಡಾ. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಸಮಿತಿಯು ೧೯೮೪ರಲ್ಲಿಯೂ, ಅವರದೇ ಅಧ್ಯಕ್ಷತೆಯ ಎರಡನೆಯ ಸಮಿತಿಯು ೧೯೮೯ರಲ್ಲಿಯೂ ನೀಡಿದ ವರದಿಗಳ ಅನಂತರ ಗಣಕಯಂತ್ರಗಳು ಶಾಖೆಗಳನ್ನು ಪ್ರವೇಶಿಸಿದವು. ಮೊದಲ ಹಂತದಲ್ಲಿ ಆ ಯಂತ್ರಗಳೂ ಶಾಖೆಯ ಒಳಗೇ ಕೆಲಸ ಮಾಡುತ್ತಿದ್ದವು. ಹೊಸ ಶತಮಾನದ ಆರಂಭದಲ್ಲಿ ಬಂದ ಕೋರ್ ಬ್ಯಾಂಕಿಂಗ್ ವ್ಯವಸ್ಥೆ ಎಲ್ಲ ಶಾಖೆಗಳ ಲೆಕ್ಕವನ್ನೂ ಒಂದು ಕೇಂದ್ರಕ್ಕೆ ಒಯ್ದಿತು. ಯಾವ ಶಾಖೆಯಲ್ಲಿ ಬೇಕಾದರೂ ಹಣ ಕಟ್ಟುವ, ಪಡೆಯುವ ಅನುಕೂಲ ಇದರಿಂದ ದೊರೆಯಿತು. ಜೊತೆಗೆ, ಕೇಂದ್ರದಲ್ಲಿ ಆದ ಒಂದು ದೋಷ ಎಲ್ಲ ಶಾಖೆಗಳನ್ನೂ ಏಕಕಾಲಕ್ಕೆ ನಿಲ್ಲಿಸಬಲ್ಲುದೆಂಬ ಹೊಸ ಅಪಾಯವೂ ಬಂದಿತು.

ಬ್ಯಾಂಕಿಗಷ್ಟೇ ಅಲ್ಲ, ವಿಮಾ ಸಂಸ್ಥೆ, ಸರಕು ಸಾಗಣೆಯ ಕಂಪನಿ, ಸಹಕಾರಿ ಪತ್ತಿನ ಸಂಘ ಮುಂತಾದ ಶಾಖೆಗಳುಳ್ಳ ಎಲ್ಲ ಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಸರ್ವರ್ ಕೆಟ್ಟರೆ ಏನು ಮಾಡಬೇಕು, ಕಟ್ಟಡವೇ ಇಲ್ಲವಾದರೆ ಏನು ಮಾಡಬೇಕು ಎಂಬುದನ್ನು ಮುಂಚಿತವಾಗಿ ಯೋಜಿಸುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

೨. ಎರಡು ಪರಿಕಲ್ಪನೆಗಳು

ಈ ವಿಷಯದಲ್ಲಿ ಸಾಮಾನ್ಯವಾಗಿ ಬೆರೆತುಹೋಗುವ ಎರಡು ಪರಿಕಲ್ಪನೆಗಳನ್ನು ಮೊದಲು ಬೇರ್ಪಡಿಸಿಕೊಳ್ಳುವುದು ಅವಶ್ಯಕ. ಮೊದಲನೆಯದು ಮೀಸಲು ವ್ಯವಸ್ಥೆ. ಒಂದು ಯಂತ್ರ ಕೆಟ್ಟ ಕ್ಷಣದಲ್ಲಿಯೇ ಇನ್ನೊಂದು ಅದರ ಕೆಲಸವನ್ನು ವಹಿಸಿಕೊಳ್ಳುವಂತೆ ಮಾಡಿದ ಏರ್ಪಾಡಿದು. ಒಂದು ಸರ್ವರಿಗೆ ಎರಡು ವಿದ್ಯುತ್ ಪೂರೈಕೆಯ ಘಟಕಗಳು, ಒಂದೇ ದತ್ತಾಂಶವನ್ನು ಏಕಕಾಲಕ್ಕೆ ಎರಡು ಡಿಸ್ಕುಗಳಲ್ಲಿ ಬರೆಯುವ ‘ರೈಡ್’ ಎಂಬ ಜೋಡಣೆ, ಶಾಖೆಗೆ ಎರಡು ಸಂಪರ್ಕ ತಂತುಗಳು ಇವೆಲ್ಲ ಮೀಸಲು ವ್ಯವಸ್ಥೆಯ ಉದಾಹರಣೆಗಳು.

ಎರಡನೆಯದು ಪುನಃಸ್ಥಾಪನೆ. ಇರುವುದೆಲ್ಲ ಹೋದ ಮೇಲೆ ಹಿಂದಿನ ಒಂದು ಸ್ಥಿತಿಯಿಂದ ಮತ್ತೆ ಕಟ್ಟಿ ನಿಲ್ಲಿಸುವ ಕಾರ್ಯವಿದು. ಇದಕ್ಕೆ ಬೇಕಾದುದು ಕಾಲಕಾಲಕ್ಕೆ ತೆಗೆದು ಪ್ರತ್ಯೇಕವಾಗಿ ಇರಿಸಿದ ಬ್ಯಾಕಪ್ ಪ್ರತಿ.

ಇವೆರಡರ ವ್ಯತ್ಯಾಸವನ್ನು ಹಳೆಯ ಕಚೇರಿಯ ಒಂದು ವಸ್ತುವಿನಿಂದ ತಿಳಿಯಬಹುದು. ರಸೀದಿ ಪುಸ್ತಕದಲ್ಲಿ ಕಾರ್ಬನ್ ಕಾಗದವಿಟ್ಟು ಬರೆದರೆ ಎರಡು ಪ್ರತಿಗಳು ಸಿಗುತ್ತವೆ. ಒಂದು ಹರಿದರೆ ಇನ್ನೊಂದು ಉಳಿಯುತ್ತದೆ. ಆದರೆ ಗುಮಾಸ್ತನು ೫೦೦ರ ಬದಲು ೫,೦೦೦ ಎಂದು ಬರೆದರೆ ತಪ್ಪು ಎರಡರಲ್ಲಿಯೂ ಮೂಡುತ್ತದೆ. ಮೀಸಲು ವ್ಯವಸ್ಥೆಯ ಸ್ವಭಾವವೂ ಹೀಗೆಯೇ. ಜೋಡಿ ಡಿಸ್ಕುಗಳಲ್ಲಿ ಒಂದು ಸುಟ್ಟುಹೋದರೆ ಇನ್ನೊಂದು ಕೆಲಸ ಮಾಡುತ್ತದೆ. ಆದರೆ ಯಾರಾದರೂ ಒಂದು ಕಡತವನ್ನು ಅಳಿಸಿದರೆ ಅದು ಎರಡರಿಂದಲೂ ಅದೇ ಕ್ಷಣದಲ್ಲಿ ಅಳಿದುಹೋಗುತ್ತದೆ. ಯಂತ್ರದ ಸಾವಿನಿಂದ ಕಾಪಾಡುವ ಏರ್ಪಾಡು ಮನುಷ್ಯನ ತಪ್ಪಿನಿಂದಾಗಲಿ, ವೈರಸ್ಸಿನಿಂದಾಗಲಿ ಕಾಪಾಡದು. ‘ನಮ್ಮಲ್ಲಿ ಎರಡು ಸರ್ವರುಗಳಿವೆ, ಆದ್ದರಿಂದ ಬ್ಯಾಕಪ್ ಬೇಡ’ ಎಂಬ ನಿಲುವು ಅಪಾಯಕಾರಿಯಾಗುವುದು ಈ ಕಾರಣದಿಂದ.

೩. ಘಾನಾದ ಒಂದು ಸರ್ವರ್

ಈ ವ್ಯತ್ಯಾಸವನ್ನು ಜಗತ್ತಿಗೆ ಮನಗಾಣಿಸಿದ ಘಟನೆ ೨೦೧೭ರ ಜೂನ್ ೨೭ರಂದು ನಡೆಯಿತು. ಡೆನ್ಮಾರ್ಕಿನ ಮೇರ್ಸ್ಕ್ ಪ್ರಪಂಚದ ಅತಿ ದೊಡ್ಡ ಹಡಗು ಸಾಗಣೆಯ ಸಂಸ್ಥೆಗಳಲ್ಲಿ ಒಂದು. ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕಾಗಿ ವ್ಯಾಪಕವಾಗಿ ಬಳಕೆಯಲ್ಲಿದ್ದ ಒಂದು ತಂತ್ರಾಂಶದ ಮೂಲಕ ಹರಡಿದ ‘ನಾಟ್‌ಪೆಟ್ಯಾ’ ಎಂಬ ವಿನಾಶಕ ತಂತ್ರಾಂಶ, ಆ ಸಂಸ್ಥೆಯ ಜಾಲವನ್ನು ಹೊಕ್ಕು ಕೆಲವೇ ಗಂಟೆಗಳಲ್ಲಿ ಖಂಡಖಂಡಾಂತರಗಳ ಕಚೇರಿಗಳನ್ನು ಸ್ತಬ್ಧಗೊಳಿಸಿತು. ಮುಂಬಯಿಗೆ ಹೊಂದಿಕೊಂಡ ನ್ಹಾವಾ ಶೇವಾದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಈ ಸಮೂಹವು ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವೂ ಅಸ್ತವ್ಯಸ್ತಗೊಂಡಿತು.

ಮೇರ್ಸ್ಕಿನ ಜಾಲದಲ್ಲಿ ಸುಮಾರು ೧೫೦ ಡೊಮೈನ್ ಕಂಟ್ರೋಲರುಗಳಿದ್ದವು. ಯಾವ ನೌಕರನು ಯಾರು, ಆತನಿಗೆ ಯಾವ ಯಂತ್ರ ತೆರೆಯಬೇಕು, ಯಾವ ಕಡತ ಕಾಣಬೇಕು ಎಂಬುದನ್ನು ನಿರ್ಧರಿಸುವ ಸರ್ವರುಗಳಿವು. ಕಚೇರಿಯ ಹಾಜರಿ ಪುಸ್ತಕ ಮತ್ತು ಬೀಗದ ಕೈಗೊಂಚಲು ಎರಡೂ ಸೇರಿದಂತೆ ಎನ್ನಬಹುದು. ಈ ೧೫೦ ಸರ್ವರುಗಳು ಪರಸ್ಪರ ಮಾಹಿತಿಯನ್ನು ಸದಾ ಸರಿಹೊಂದಿಸಿಕೊಳ್ಳುತ್ತಿದ್ದವು. ಯಾವುದಾದರೊಂದು ಹೋದರೂ ಉಳಿದವುಗಳಲ್ಲಿ ಎಲ್ಲ ಮಾಹಿತಿಯೂ ಇರುತ್ತಿತ್ತು. ಮೀಸಲು ವ್ಯವಸ್ಥೆಯ ದೃಷ್ಟಿಯಿಂದ ಇದಕ್ಕಿಂತ ಭದ್ರವಾದುದನ್ನು ಕಲ್ಪಿಸುವುದು ಕಷ್ಟ. ಆದರೆ ಎಲ್ಲವೂ ಒಟ್ಟಿಗೆ ಅಳಿಯಬಹುದೆಂಬ ಸಾಧ್ಯತೆಯನ್ನು ಆ ಯೋಜನೆ ಪರಿಗಣಿಸಿರಲಿಲ್ಲ. ಉಳಿದ ಸರ್ವರುಗಳ ಬ್ಯಾಕಪ್ ಪ್ರತಿಗಳು ಸಿಕ್ಕಿದರೂ ಈ ಕೈಗೊಂಚಲಿನ ಪ್ರತಿ ಮಾತ್ರ ಎಲ್ಲಿಯೂ ಸಿಗಲಿಲ್ಲ.

ಕೊನೆಗೆ ಒಂದು ಪ್ರತಿ ಪತ್ತೆಯಾದುದು ಪಶ್ಚಿಮ ಆಫ್ರಿಕದ ಘಾನಾದ ಶಾಖಾ ಕಚೇರಿಯಲ್ಲಿ. ದಾಳಿಗೆ ಮುನ್ನ ಅಲ್ಲಿ ವಿದ್ಯುತ್ ಹೋಗಿ ಆ ಸರ್ವರ್ ಜಾಲದಿಂದ ಕಡಿದುಕೊಂಡಿತ್ತು. ಆದ್ದರಿಂದ ವೈರಸ್ಸು ಅದನ್ನು ಮುಟ್ಟಿರಲಿಲ್ಲ. ಪುನಃಸ್ಥಾಪನೆಯ ಕಾರ್ಯ ನಡೆಯುತ್ತಿದ್ದುದು ಇಂಗ್ಲೆಂಡಿನ ಮೇಡನ್‌ಹೆಡ್‌ನಲ್ಲಿ. ಘಾನಾದ ಸಂಪರ್ಕ ತಂತು ಬಹಳ ನಿಧಾನವಾಗಿದ್ದುದರಿಂದ ಅದರ ಮೂಲಕ ದತ್ತಾಂಶವನ್ನು ಕಳುಹಿಸಲು ಹಲವು ದಿನಗಳೇ ಬೇಕಾಗುತ್ತಿದ್ದವು. ಅಲ್ಲಿನ ನೌಕರರಲ್ಲಿ ಬ್ರಿಟನ್ನಿನ ವೀಸಾ ಯಾರಲ್ಲಿಯೂ ಇರಲಿಲ್ಲ. ಒಬ್ಬ ನೌಕರನು ಡಿಸ್ಕನ್ನು ಹಿಡಿದು ವಿಮಾನದಲ್ಲಿ ನೈಜೀರಿಯಾಕ್ಕೆ ಹೋಗಿ, ಅಲ್ಲಿನ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬನಿಗೆ ಒಪ್ಪಿಸಿದನು. ಆತನು ಅದನ್ನು ಲಂಡನ್ನಿಗೆ ತಲುಪಿಸಿದನು. ಸಂಸ್ಥೆಯ ಅಂದಿನ ಅಧ್ಯಕ್ಷ ಜಿಮ್ ಹೇಗಮನ್ ಸ್ನಾಬೆ ಅವರು ೨೦೧೮ರ ಜನವರಿಯಲ್ಲಿ ದಾವೋಸಿನಲ್ಲಿ ತಿಳಿಸಿದಂತೆ ೪,೦೦೦ ಸರ್ವರುಗಳನ್ನೂ ೪೫,೦೦೦ ಗಣಕಯಂತ್ರಗಳನ್ನೂ ೨,೫೦೦ ತಂತ್ರಾಂಶಗಳನ್ನೂ ಹತ್ತು ದಿನಗಳಲ್ಲಿ ಹೊಸದಾಗಿ ಸ್ಥಾಪಿಸಬೇಕಾಯಿತು. ಆ ಅವಧಿಯಲ್ಲಿ ನೌಕರರು ಬಹುಪಾಲು ಕೆಲಸವನ್ನು ಕೈಯಿಂದಲೇ ನಿರ್ವಹಿಸಿದರು.

ಪರಸ್ಪರ ಹೆಣೆದುಕೊಂಡಿದ್ದ ೧೫೦ ಪ್ರತಿಗಳು ಉಳಿಸಲಾರದುದನ್ನು ಜಾಲದಿಂದ ಹೊರಗುಳಿದ ಒಂದೇ ಪ್ರತಿ ಉಳಿಸಿತು. ಆದರೆ ಅದು ಹೊರಗುಳಿದುದು ಯೋಜನೆಯಿಂದಲ್ಲ, ವಿದ್ಯುತ್ತಿನ ಅಭಾವದಿಂದ. ಅಲ್ಲಿ ಆಕಸ್ಮಿಕವಾಗಿ ಒದಗಿದುದನ್ನು ಉದ್ದೇಶಪೂರ್ವಕವಾಗಿ ಏರ್ಪಡಿಸುವುದೇ ಪುನಃಸ್ಥಾಪನಾ ಯೋಜನೆಯ ಸಾರ.

೪. ಯೋಜನೆಯ ಆರಂಭ: ಕೌಂಟರಿನ ಎರಡು ಪ್ರಶ್ನೆಗಳು

ಇಂತಹ ಯೋಜನೆಯನ್ನು ಯಂತ್ರಗಳ ಪಟ್ಟಿಯಿಂದ ಆರಂಭಿಸುವುದು ರೂಢಿ. ಆದರೆ ಅದು ಆರಂಭವಾಗಬೇಕಾದುದು ಶಾಖೆಯ ಕೌಂಟರಿನಲ್ಲಿ. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು. ಒಂದು: ಕೆಲಸ ಎಷ್ಟು ಹೊತ್ತು ನಿಂತರೆ ಸಹಿಸಬಹುದು? ಇದನ್ನು ನಿಲುಗಡೆಯ ಮಿತಿ ಎನ್ನೋಣ. ಎರಡು: ಎಷ್ಟು ಹೊತ್ತಿನ ದಾಖಲೆ ಕಳೆದುಹೋದರೆ ಮತ್ತೆ ಕಟ್ಟಿಕೊಳ್ಳಬಹುದು? ಇದು ನಷ್ಟದ ಮಿತಿ.

ಒಂದು ಕಾಲ್ಪನಿಕ ಶಾಖೆಯನ್ನು ತೆಗೆದುಕೊಳ್ಳಬಹುದು. ಪ್ರತಿ ರಾತ್ರಿ ೯ ಗಂಟೆಗೆ ಬ್ಯಾಕಪ್ ನಡೆಯುತ್ತದೆ. ಮರುದಿನ ಸಂಜೆ ೪ ಗಂಟೆಗೆ ಸರ್ವರ್ ಕೆಡುತ್ತದೆ. ಅಷ್ಟರಲ್ಲಿ ನಾಲ್ಕು ಕೌಂಟರುಗಳಲ್ಲಿ ತಲಾ ೧೦೦ರಂತೆ ೪೦೦ ನಮೂದುಗಳು ಆಗಿವೆ. ಹಣ ಕಟ್ಟಿದ, ಪಡೆದ ಚೀಟಿಗಳೆಲ್ಲ ಇದ್ದರೆ, ಒಂದಕ್ಕೆ ೨ ನಿಮಿಷದಂತೆ ೮೦೦ ನಿಮಿಷಗಳಲ್ಲಿ, ಎಂದರೆ ಒಬ್ಬನಿಗೆ ೧೩ ಗಂಟೆಗೂ ಮಿಕ್ಕಿದ ಕೆಲಸದಲ್ಲಿ, ಅವನ್ನು ಮತ್ತೆ ಏರಿಸಬಹುದು. ಕಷ್ಟವಾದರೂ ಅದು ಸಾಧ್ಯ. ಆದರೆ ಮೊಬೈಲಿನ ಮೂಲಕವೋ ಎಟಿಎಂ ಮೂಲಕವೋ ನಡೆದ ವ್ಯವಹಾರಕ್ಕೆ ಶಾಖೆಯಲ್ಲಿ ಚೀಟಿ ಇರುವುದಿಲ್ಲ. ಆದ್ದರಿಂದ ಅಂತಹ ದಾಖಲೆಗಳ ನಷ್ಟದ ಮಿತಿಯನ್ನು ಸೊನ್ನೆಯ ಸಮೀಪದಲ್ಲಿಯೇ ಇಡಬೇಕಾಗುತ್ತದೆ. ಇದಕ್ಕೆ ಪ್ರತಿಯಾಗಿ, ನೌಕರರ ರಜೆಯ ಪಟ್ಟಿ ಒಂದು ದಿನ ಹಿಂದಿನದಾದರೆ ಯಾರಿಗೂ ಹಾನಿಯಿಲ್ಲ. ಎಲ್ಲಕ್ಕೂ ಒಂದೇ ಬಗೆಯ ರಕ್ಷಣೆ ಕೊಡಹೊರಟರೆ ವೆಚ್ಚ ಮಿತಿಮೀರುತ್ತದೆ. ಮುಖ್ಯವಾದುದಕ್ಕೆ ಬೇಕಾದಷ್ಟು ಉಳಿಯುವುದಿಲ್ಲ.

ಈ ಎರಡು ಮಿತಿಗಳನ್ನು ನಿರ್ಧರಿಸಬೇಕಾದವರು ಗಣಕ ತಜ್ಞರಲ್ಲ. ತಿಂಗಳ ಮೊದಲ ದಿನ ಪಿಂಚಣಿಗಾಗಿ ಸಾಲು ನಿಲ್ಲುವ ವೃದ್ಧರನ್ನು ಎದುರಿಸುವ ಶಾಖಾ ವ್ಯವಸ್ಥಾಪಕರ ಅನುಭವವೇ ಇಲ್ಲಿ ಪ್ರಮಾಣ. ಅವರು ನಿರ್ಧರಿಸಿದ ಮಿತಿಗೆ ಎಷ್ಟು ವೆಚ್ಚವಾಗುತ್ತದೆಂಬುದನ್ನು ತಿಳಿಸುವುದು ತಜ್ಞರ ಕೆಲಸ.

೫. ಎರಡು ದಾರಿಗಳು ನಿಜವಾಗಿಯೂ ಎರಡೇ?

ಮೀಸಲು ವ್ಯವಸ್ಥೆಯ ಬಲ ಒಂದು ಸರಳ ಗಣಿತದಲ್ಲಿದೆ. ಶಾಖೆಯಿಂದ ಕೇಂದ್ರಕ್ಕೆ ಇರುವ ಒಂದು ತಂತು ವರ್ಷದ ಶೇಕಡಾ ೯೯ ಭಾಗ ಕೆಲಸ ಮಾಡುತ್ತದೆಂದರೆ, ಉಳಿದ ಶೇಕಡಾ ೧ ಭಾಗ, ಎಂದರೆ ಸುಮಾರು ೮೮ ಗಂಟೆ, ಅದು ಸ್ಥಗಿತವಾಗಿರುತ್ತದೆ. ಅಂತಹುದೇ ಇನ್ನೊಂದು ತಂತನ್ನು ಸೇರಿಸಿದರೆ ಎರಡೂ ಒಟ್ಟಿಗೆ ಸ್ಥಗಿತವಾಗುವ ಸಂಭವ ನೂರರಲ್ಲಿ ಒಂದರ ನೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ವರ್ಷಕ್ಕೆ ಅದು ಸುಮಾರು ೫೩ ನಿಮಿಷ ಮಾತ್ರ.

ಆದರೆ ಈ ಲೆಕ್ಕ ಸರಿಯಾಗುವುದು ಒಂದರ ವೈಫಲ್ಯಕ್ಕೂ ಇನ್ನೊಂದರ ವೈಫಲ್ಯಕ್ಕೂ ಸಂಬಂಧವಿಲ್ಲದಿದ್ದಾಗ ಮಾತ್ರ. ಎರಡು ಕಂಪನಿಗಳಿಂದ ಪಡೆದ ಎರಡು ತಂತುಗಳು ಒಂದೇ ರಸ್ತೆಯ ಒಂದೇ ಕಂದಕದಲ್ಲಿ ಹಾದುಬಂದಿದ್ದರೆ, ರಸ್ತೆ ಅಗೆಯುವ ಒಂದು ಯಂತ್ರ ಎರಡನ್ನೂ ಒಂದೇ ಏಟಿಗೆ ಕತ್ತರಿಸುತ್ತದೆ. ಬಿಲ್ಲುಗಳು ಎರಡು ಬಂದರೂ ದಾರಿ ಒಂದೇ.

ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ೨೦೨೧ರ ಫೆಬ್ರವರಿ ೨೪ರಂದು ನಡೆದುದು ಈ ದೃಷ್ಟಿಯಿಂದ ಗಮನಾರ್ಹ. ಇಬ್ಬರು ಸೇವಾದಾರರ ಸಂಪರ್ಕ ತಂತುಗಳಲ್ಲಿ ತೊಂದರೆ ಉಂಟಾಗಿ, ಬೆಳಿಗ್ಗೆ ೧೧.೪೦ಕ್ಕೆ ನಿಂತ ವಹಿವಾಟು ಮಧ್ಯಾಹ್ನ ೩.೪೫ಕ್ಕೆ ಮತ್ತೆ ಆರಂಭವಾಯಿತು. ತಂತುಗಳ ಮಾರ್ಗದಲ್ಲಿ ನಡೆಯುತ್ತಿದ್ದ ಅಗೆತ ಮತ್ತು ನಿರ್ಮಾಣ ಕಾರ್ಯ ಈ ತೊಂದರೆಗೆ ಕಾರಣವೆಂದು ಅನಂತರ ತಿಳಿದುಬಂದಿತು. ದೂರದ ಚೆನ್ನೈಯಲ್ಲಿ ಮೀಸಲು ಕೇಂದ್ರವಿದ್ದರೂ ಅಂದು ವಹಿವಾಟನ್ನು ಅಲ್ಲಿಗೆ ವರ್ಗಾಯಿಸಲಿಲ್ಲ. ಅನಂತರದ ವರ್ಷಗಳಲ್ಲಿ ಈ ವರ್ಗಾವಣೆಯನ್ನು ಬಹಿರಂಗವಾಗಿಯೇ ಅಭ್ಯಾಸ ಮಾಡುವ ಪದ್ಧತಿ ಬಂದಿತು. ೨೦೨೪ರ ಮಾರ್ಚ್ ೨ರ ಶನಿವಾರ ನಡೆದ ವಿಶೇಷ ಅಧಿವೇಶನದಲ್ಲಿ ಮುಖ್ಯ ಕೇಂದ್ರದಿಂದ ಮೀಸಲು ಕೇಂದ್ರಕ್ಕೆ ವಹಿವಾಟನ್ನು ಸಾಗಿಸಿ ನಡೆಸಲಾಯಿತು.

ಶಾಖೆಯ ಮಟ್ಟದಲ್ಲಿ ಇದರಿಂದ ಕಲಿಯಬೇಕಾದುದು ಇಷ್ಟು: ಎರಡನೆಯ ದಾರಿ ಬೇರೆ ಕಂಪನಿಯದಾದರೆ ಸಾಲದು, ಬೇರೆ ಜಾತಿಯದಾಗಿರಬೇಕು. ಒಂದು ನೆಲದಡಿಯ ತಂತುವಾದರೆ ಇನ್ನೊಂದು ನಿಸ್ತಂತು ಸಂಪರ್ಕವಾಗಿರುವುದು ಲೇಸು. ಸರ್ವರಿನ ಕೋಣೆಗೆ ವಿದ್ಯುತ್ ಕೊಡುವ ಯುಪಿಎಸ್ಸಿನ ಬ್ಯಾಟರಿಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಕೆಲವು ವರ್ಷಗಳ ಬಳಕೆಯ ಅನಂತರ ಹೊರಗೆ ಹಸಿರು ದೀಪ ಉರಿಯುತ್ತಿದ್ದರೂ ಒಳಗೆ ಬಲ ಉಡುಗಿರುತ್ತದೆ. ವಿದ್ಯುತ್ತನ್ನು ಬೇಕೆಂದೇ ನಿಲ್ಲಿಸಿ ಪರೀಕ್ಷಿಸದ ಹೊರತು ಇದು ತಿಳಿಯದು.

೬. ದೂರದ ಪ್ರಶ್ನೆ

ಮೀಸಲು ಕೇಂದ್ರ ಎಷ್ಟು ದೂರದಲ್ಲಿರಬೇಕು? ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ೨೦೨೧ರ ಮಾರ್ಚ್ ೧೦ರಂದು ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಪಕ್ಕದ ಕಟ್ಟಡಕ್ಕೂ ಹಾನಿಯಾಯಿತು. ಬ್ಯಾಕಪ್ ಪ್ರತಿಗಳೂ ಅದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಒಂದೇ ಆವರಣದ ಎರಡು ಕಟ್ಟಡಗಳು ವಿಪತ್ತಿನ ದೃಷ್ಟಿಯಲ್ಲಿ ಒಂದೇ ಕಟ್ಟಡ.

ಒಂದೇ ನಗರದ ಎರಡು ಬಡಾವಣೆಗಳೂ ಸಾಲವು. ೨೦೦೫ರ ಜುಲೈ ೨೬ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ೨೪ ಗಂಟೆಗಳಲ್ಲಿ ೯೪೪ ಮಿಲಿಮೀಟರು ಮಳೆ ಸುರಿದಾಗ ಉಪನಗರಗಳು ಒಟ್ಟಿಗೆ ಮುಳುಗಿದವು. ನೆಲಮಾಳಿಗೆಯಲ್ಲಿಯೋ ನೆಲಮಟ್ಟದಲ್ಲಿಯೋ ಇಟ್ಟ ಜನರೇಟರು ಇಂತಹ ದಿನ ಮೊದಲು ಮುಳುಗುತ್ತದೆ. ೨೦೧೫ರ ಡಿಸೆಂಬರಿನಲ್ಲಿ ಚೆನ್ನೈಯೂ ಇದೇ ಬಗೆಯ ಜಲಪ್ರಳಯವನ್ನು ಕಂಡಿತು. ಬೇರೆ ಬೇರೆ ನಗರಗಳಾದರೂ ಒಂದೇ ವಿದ್ಯುತ್ ಜಾಲವನ್ನು ಅವಲಂಬಿಸಿರಬಹುದೆಂಬುದನ್ನು ೨೦೧೨ರ ಜುಲೈ ೩೦ ಮತ್ತು ೩೧ ತೋರಿಸಿಕೊಟ್ಟವು. ಎರಡನೆಯ ದಿನ ಉತ್ತರ, ಪೂರ್ವ ಮತ್ತು ಈಶಾನ್ಯ ಜಾಲಗಳು ಒಟ್ಟಿಗೆ ಕುಸಿದು ದೆಹಲಿಯಿಂದ ಕೋಲ್ಕತ್ತದವರೆಗೆ ಕತ್ತಲು ಕವಿಯಿತು. ಆದ್ದರಿಂದ ಮೀಸಲು ಕೇಂದ್ರವನ್ನು ಆರಿಸುವಾಗ ಕಿಲೋಮೀಟರುಗಳನ್ನಷ್ಟೇ ಎಣಿಸದೆ, ಬೇರೆ ನದಿಯ ಪಾತ್ರ, ಬೇರೆ ಭೂಕಂಪ ವಲಯ, ಬೇರೆ ವಿದ್ಯುತ್ ಮೂಲ ಎಂಬ ಅಂಶಗಳನ್ನು ನೋಡಬೇಕು.

ಆದರೆ ದೂರಕ್ಕೆ ತೆರಬೇಕಾದ ಬೆಲೆಯೂ ಇದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಸಾಗುತ್ತದೆ. ೧,೦೦೦ ಕಿಲೋಮೀಟರು ದೂರದ ಕೇಂದ್ರಕ್ಕೆ ಹೋಗಿ ಬರಲು ಸೆಕೆಂಡಿನ ನೂರನೆಯ ಒಂದು ಭಾಗ ಬೇಕು. ಒಬ್ಬ ಗ್ರಾಹಕನಿಗೆ ಇದು ಏನೂ ಅಲ್ಲ. ಆದರೆ ಸಾವಿರಾರು ಶಾಖೆಗಳ ನಮೂದುಗಳು ಒಂದರ ಹಿಂದೆ ಒಂದರಂತೆ ದೂರದ ಒಪ್ಪಿಗೆಗಾಗಿ ಕಾಯಬೇಕಾದಾಗ ಇಡೀ ವ್ಯವಸ್ಥೆ ನಿಧಾನವಾಗುತ್ತದೆ. ಆದ್ದರಿಂದ ದೊಡ್ಡ ಸಂಸ್ಥೆಗಳು ಮೂರು ನೆಲೆಗಳನ್ನು ಇಟ್ಟುಕೊಳ್ಳುತ್ತವೆ: ಮುಖ್ಯ ಕೇಂದ್ರ, ಪ್ರತಿ ನಮೂದೂ ಅದೇ ಕ್ಷಣ ಬರೆಯಲ್ಪಡುವ ಸಮೀಪದ ನೆಲೆ, ಮತ್ತು ಸ್ವಲ್ಪ ಹಿಂದೆ ಉಳಿದು ಅನುಸರಿಸುವ ದೂರದ ನೆಲೆ.

ಸಣ್ಣ ಸಂಸ್ಥೆಗೆ ಇಷ್ಟು ವೆಚ್ಚ ಸಾಧ್ಯವಿಲ್ಲ. ಅದು ದತ್ತಾಂಶವನ್ನು ಬೇರೆ ಊರಿನಲ್ಲಿಟ್ಟು, ಬೇಕಾದಾಗ ತರಿಸಿಕೊಳ್ಳುವ ದಾರಿಯನ್ನು ಹಿಡಿಯುತ್ತದೆ. ಆಗ ತರಿಸಿಕೊಳ್ಳುವ ಸಮಯವನ್ನು ಮೊದಲೇ ಲೆಕ್ಕ ಹಾಕಿರಬೇಕು. ೫೦೦ ಗಿಗಾಬೈಟ್ ದತ್ತಾಂಶವನ್ನು ಸೆಕೆಂಡಿಗೆ ೧೦ ಮೆಗಾಬಿಟ್ ವೇಗದ ತಂತುವಿನಲ್ಲಿ ತರಲು ಸುಮಾರು ೧೧೧ ಗಂಟೆ, ಎಂದರೆ ನಾಲ್ಕೂವರೆ ದಿನಕ್ಕೂ ಹೆಚ್ಚು ಕಾಲ ಬೇಕು. ಪುಣೆಯಲ್ಲಿರುವ ಪ್ರತಿಯನ್ನು ಮುಂಬಯಿಗೆ ತರುವುದಾದರೆ, ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಬೆಳಗಿನ ರೈಲು ಹತ್ತಿದವನು ಮಧ್ಯಾಹ್ನದ ಊಟಕ್ಕೆ ಮೊದಲೇ ತಲುಪಿಸುತ್ತಾನೆ. ಘಾನಾದಿಂದ ಡಿಸ್ಕು ವಿಮಾನದಲ್ಲಿ ಬಂದುದರ ಹಿಂದಿದ್ದುದೂ ಇದೇ ಗಣಿತ.

೭. ಪ್ರತಿಗಳು ಮತ್ತು ಅವುಗಳ ಪರೀಕ್ಷೆ

ಬ್ಯಾಕಪ್ ಪ್ರತಿಗಳ ವಿಷಯದಲ್ಲಿ ‘ಮೂರು, ಎರಡು, ಒಂದು’ ಎಂಬ ಸೂತ್ರ ಪ್ರಚಲಿತವಾಗಿದೆ. ದತ್ತಾಂಶದ ಮೂರು ಪ್ರತಿಗಳಿರಬೇಕು. ಅವು ಎರಡು ಬೇರೆ ಬಗೆಯ ಮಾಧ್ಯಮಗಳಲ್ಲಿರಬೇಕು. ಒಂದು ಪ್ರತಿ ಬೇರೆ ಸ್ಥಳದಲ್ಲಿರಬೇಕು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶಗಳು ಹೆಚ್ಚಾದ ಮೇಲೆ ಇದಕ್ಕೆ ಇನ್ನೊಂದು ನಿಯಮ ಸೇರಿದೆ: ಒಂದು ಪ್ರತಿಯಾದರೂ ಯಾವ ಜಾಲಕ್ಕೂ ಅಂಟಿಕೊಂಡಿರಬಾರದು. ಸದಾ ಸರ್ವರಿಗೆ ಜೋಡಿಸಿಯೇ ಇಟ್ಟ ಡಿಸ್ಕು ಈ ನಿಯಮವನ್ನು ಪಾಲಿಸುವುದಿಲ್ಲ. ಅಂತಹ ತಂತ್ರಾಂಶ ಮೊದಲು ಹುಡುಕುವುದು ಅದನ್ನೇ.

ಪ್ರತಿಗಳಿದ್ದರೂ ಅವು ತೆರೆಯುತ್ತವೆಯೇ ಎಂಬುದು ಬೇರೆ ಪ್ರಶ್ನೆ. ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ ೨೦೧೭ರ ಜನವರಿ ೩೧ರಂದು ಒಬ್ಬ ತಂತ್ರಜ್ಞನು ಬೇರೆ ಸರ್ವರೆಂದು ಭಾವಿಸಿ ಮುಖ್ಯ ಸರ್ವರಿನ ದತ್ತಾಂಶವನ್ನು ಅಳಿಸಿದನು. ಸಂಸ್ಥೆಯಲ್ಲಿ ಐದು ಬಗೆಯ ಬ್ಯಾಕಪ್ ಮತ್ತು ನಕಲು ಏರ್ಪಾಡುಗಳಿದ್ದವು. ಹುಡುಕಿದಾಗ ಅವುಗಳಲ್ಲಿ ಒಂದೂ ನೆಚ್ಚುವಂತೆ ಕೆಲಸ ಮಾಡುತ್ತಿರಲಿಲ್ಲವೆಂದು ತಿಳಿಯಿತು. ಒಂದು ಏರ್ಪಾಡು ಬಹಳ ಕಾಲದಿಂದ ವಿಫಲವಾಗುತ್ತಲೇ ಇತ್ತು. ಅದನ್ನು ತಿಳಿಸುವ ಇ-ಅಂಚೆಗಳು ಯಾರಿಗೂ ತಲುಪುತ್ತಿರಲಿಲ್ಲ. ಬೇರೊಂದು ಉದ್ದೇಶಕ್ಕಾಗಿ ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿಯಿಂದ ಸೇವೆ ಮತ್ತೆ ಆರಂಭವಾಯಿತು. ಆ ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದುದರಿಂದ ಇತರರಿಗೆ ಪಾಠವಾಯಿತು.

ಆದುದರಿಂದ ಬ್ಯಾಕಪ್ ಯಶಸ್ವಿಯಾಯಿತೆಂಬ ಸಂದೇಶವನ್ನು ನಂಬುವ ಬದಲು ನಿಗದಿತ ದಿನಗಳಲ್ಲಿ ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ ಬಿಡಿಸಿ, ಅಂದಿನ ಒಟ್ಟು ಮೊತ್ತವನ್ನು ಕಾಗದದ ದಿನವಹಿಯೊಂದಿಗೆ ತಾಳೆ ನೋಡುವುದು ಅಗತ್ಯ. ಮೊತ್ತ ತಾಳೆಯಾದ ಪ್ರತಿ ಮಾತ್ರ ಪ್ರತಿ.

೮. ಶಾಖೆ ಮತ್ತು ಮನುಷ್ಯರು

ಕೇಂದ್ರದಲ್ಲಿ ಏನೇ ಸಿದ್ಧತೆ ಇದ್ದರೂ, ವಿಪತ್ತಿನ ದಿನ ಜನರನ್ನು ಎದುರಿಸುವುದು ಶಾಖೆ. ೨೦೨೪ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ಗಣಕ ಸೇವೆ ಒದಗಿಸುವ ಸಂಸ್ಥೆಯೊಂದರ ಮೇಲೆ ಇಂತಹ ದಾಳಿ ನಡೆದಾಗ, ಸೋಂಕು ಹರಡದಂತೆ ಅದನ್ನು ರಾಷ್ಟ್ರೀಯ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಲಾಯಿತು. ಸುಮಾರು ೩೦೦ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ಇದರಿಂದ ಬಾಧಿತವಾಯಿತು. ಆ ಶಾಖೆಗಳ ಯಂತ್ರಗಳಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಗ್ರಾಹಕರಿಗೆ ಉತ್ತರ ಹೇಳಬೇಕಾದವರು ಅಲ್ಲಿನ ನೌಕರರು.

ಇಂತಹ ದಿನಕ್ಕಾಗಿ ಶಾಖೆಯಲ್ಲಿ ಇರಬೇಕಾದವು ದುಬಾರಿ ವಸ್ತುಗಳಲ್ಲ. ಕೈಬರಹದ ರಸೀದಿ ಪುಸ್ತಕ, ಹಿಂದಿನ ಸಂಜೆಯ ಶಿಲ್ಕಿನ ಮುದ್ರಿತ ಪಟ್ಟಿ, ಗಣಕವಿಲ್ಲದಾಗ ಎಷ್ಟು ಮೊತ್ತದವರೆಗೆ ಕೊಡಬಹುದೆಂಬ ಲಿಖಿತ ಅಪ್ಪಣೆ, ಕಾಗದದ ಮೇಲೆ ಬರೆದ ದೂರವಾಣಿ ಸಂಖ್ಯೆಗಳು ಇಷ್ಟಿದ್ದರೆ ಅರ್ಧ ದಿನ ಸಾಗಿಸಬಹುದು. ಪುನಃಸ್ಥಾಪನೆಯ ಕೈಪಿಡಿಯನ್ನು ಸರ್ವರಿನಲ್ಲಿಯೇ ಇರಿಸಿ, ಸರ್ವರ್ ಹೋದಾಗ ಅದೂ ಸಿಗದಂತಾಗುವುದು ಅಪರೂಪವಲ್ಲ. ಬ್ಯಾಕಪ್ಪಿಗೆ ಹಾಕಿದ ಗುಪ್ತಪದ ಒಬ್ಬ ನೌಕರನ ನೆನಪಿನಲ್ಲಿ ಮಾತ್ರ ಇದ್ದು, ಆತನು ಊರಿಗೆ ಹೋಗಿದ್ದರೆ ಬ್ಯಾಕಪ್ ಇದ್ದೂ ಇಲ್ಲದಂತೆ. ಮೊಹರು ಮಾಡಿದ ಲಕೋಟೆಯಲ್ಲಿ ಅದನ್ನು ಬೇರೆ ಶಾಖೆಯ ತಿಜೋರಿಯಲ್ಲಿ ಇರಿಸುವ ಹಳೆಯ ಕ್ರಮಕ್ಕೆ ಇಂದಿಗೂ ಬೆಲೆಯಿದೆ.

ಕೈಪಿಡಿಯಲ್ಲಿ ಕೆಲಸದ ಅನುಕ್ರಮವೂ ಇರಬೇಕು. ನೌಕರರ ಗುರುತನ್ನು ದೃಢಪಡಿಸುವ ಸರ್ವರ್ ಮೊದಲು, ಅನಂತರ ಜಾಲ, ಅನಂತರ ಲೆಕ್ಕದ ದತ್ತಾಂಶ, ಕೊನೆಗೆ ಕೌಂಟರಿನ ಯಂತ್ರಗಳು. ಮೇರ್ಸ್ಕಿನ ತಜ್ಞರು ಮೊದಲ ಮೆಟ್ಟಿಲೇ ಇಲ್ಲದೆ ನಿಂತುಹೋಗಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ವಿಪತ್ತೆಂದು ಘೋಷಿಸುವ ಅಧಿಕಾರ ಯಾರದು ಎಂಬುದೂ ಸ್ಪಷ್ಟವಾಗಿರಬೇಕು. ‘ಇನ್ನೊಂದು ಗಂಟೆಯಲ್ಲಿ ಸರಿಯಾದೀತು’ ಎಂದು ಕಾಯುತ್ತ ಕಾಯುತ್ತ ದಿನ ಕಳೆದುಹೋಗುವುದು ಈ ಅಧಿಕಾರ ಅಸ್ಪಷ್ಟವಾಗಿರುವಲ್ಲಿ.

ಭಾರತೀಯ ರಿಸರ್ವ್ ಬ್ಯಾಂಕು ೨೦೨೩ರ ನವೆಂಬರ್ ೭ರಂದು ಹೊರಡಿಸಿ, ೨೦೨೪ರ ಏಪ್ರಿಲ್ ೧ರಿಂದ ಜಾರಿಗೆ ತಂದ ಮಾಹಿತಿ ತಂತ್ರಜ್ಞಾನ ಸಂಬಂಧಿ ನಿರ್ದೇಶನಗಳಲ್ಲಿ, ಅವುಗಳ ವ್ಯಾಪ್ತಿಗೆ ಬರುವ ಸಂಸ್ಥೆಗಳು ತಮ್ಮ ಮುಖ್ಯ ವ್ಯವಸ್ಥೆಗಳ ಪುನಃಸ್ಥಾಪನೆಯನ್ನು ಆರು ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡಬೇಕೆಂದು ವಿಧಿಸಿತು. ನಿಯಮವಿಲ್ಲದ ಸಂಸ್ಥೆಗೂ ಈ ಕ್ರಮ ಅನುಕರಣೀಯ. ಅಭ್ಯಾಸದ ಉದ್ದೇಶ ಎಲ್ಲ ಸರಿಯಿದೆಯೆಂದು ತೋರಿಸುವುದಲ್ಲ. ಏನು ಸರಿಯಿಲ್ಲವೆಂಬುದನ್ನು ನೆಮ್ಮದಿಯ ದಿನದಲ್ಲಿ ಕಂಡುಕೊಳ್ಳುವುದು.

೯. ಉಪಸಂಹಾರ

ಈ ತತ್ತ್ವಗಳು ದೊಡ್ಡ ಸಂಸ್ಥೆಗಳಿಗಷ್ಟೇ ಮೀಸಲಲ್ಲ. ಹೊರನಾಡಿನ ಕನ್ನಡ ಸಂಘಗಳ ಸದಸ್ಯರ ಪಟ್ಟಿ, ವಾಚನಾಲಯಗಳ ಗ್ರಂಥಸೂಚಿ, ಪತ್ತಿನ ಸಂಘಗಳ ಲೆಕ್ಕ, ಸ್ಮರಣ ಸಂಚಿಕೆಗಳ ಅಚ್ಚಿನ ಕಡತ ಇವೆಲ್ಲ ಅನೇಕ ಕಡೆ ಒಂದೇ ಗಣಕಯಂತ್ರದಲ್ಲಿ, ಒಬ್ಬ ಕಾರ್ಯದರ್ಶಿಯ ಸುಪರ್ದಿನಲ್ಲಿರುತ್ತವೆ. ಅವುಗಳ ಒಂದು ಪ್ರತಿ ಸಂಘದ ಕಚೇರಿಯಲ್ಲಿ, ಇನ್ನೊಂದು ಬೇರೆ ಊರಿನ ಸದಸ್ಯರ ಮನೆಯಲ್ಲಿ, ಮೂರನೆಯದು ಜಾಲಕ್ಕೆ ಜೋಡಿಸದ ಡಿಸ್ಕಿನಲ್ಲಿ ಇರಿಸಲು ಹೆಚ್ಚು ಹಣ ಬೇಕಾಗಿಲ್ಲ. ಕನ್ನಡ ಕಡತಗಳ ವಿಷಯದಲ್ಲಿ ಒಂದು ವಿಶೇಷ ಎಚ್ಚರಿಕೆಯೂ ಅವಶ್ಯಕ. ಯೂನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕಡತ ಸುರಕ್ಷಿತವಾಗಿ ಉಳಿದರೂ, ಆ ಅಕ್ಷರವಿನ್ಯಾಸವಿಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಗುರುತುಗಳ ಸಾಲಾಗಿ ಕಾಣುತ್ತದೆ. ಓದಲಾಗದ ಪ್ರತಿ ಕಳೆದುಹೋದ ಪ್ರತಿಗೆ ಸಮಾನ. ಅಂತಹವನ್ನು ಯೂನಿಕೋಡಿಗೆ ಪರಿವರ್ತಿಸಿಡುವುದೂ ಪುನಃಸ್ಥಾಪನಾ ಯೋಜನೆಯ ಭಾಗವೇ.

ಒಟ್ಟಿನಲ್ಲಿ, ಯಂತ್ರಗಳನ್ನು ಜೋಡಿಯಾಗಿ ಇಡುವುದರಿಂದ ದಿನನಿತ್ಯದ ಅಡಚಣೆಗಳು ತಪ್ಪುತ್ತವೆ. ದೊಡ್ಡ ವಿಪತ್ತಿನಿಂದ ಪಾರಾಗಲು ಪ್ರತ್ಯೇಕವಾಗಿ, ದೂರದಲ್ಲಿ, ಪರೀಕ್ಷಿಸಿ ಇಟ್ಟ ಪ್ರತಿಯೂ ಅದನ್ನು ಬಿಡಿಸಿ ಕಟ್ಟಬಲ್ಲ ಅಭ್ಯಾಸವುಳ್ಳ ಜನರೂ ಬೇಕು. ಲೆಡ್ಜರುಗಳ ಕಾಲದ ಶಾಖೆಗೆ ತನ್ನ ಲೆಕ್ಕ ತನ್ನ ಬಳಿಯೇ ಇದೆಯೆಂಬ ಧೈರ್ಯವಿತ್ತು. ಲೆಕ್ಕವು ಕೇಂದ್ರಕ್ಕೆ ಹೋದ ಈ ಕಾಲದಲ್ಲಿ, ಕೌಂಟರಿನ ಮುಂದೆ ನಿಂತವನ ಹಣದ ದಾಖಲೆ ಅಳಿಯದೆಂಬ ಅದೇ ಧೈರ್ಯವನ್ನು ಆ ಶಾಖೆಗೆ ಮರಳಿ ದೊರಕಿಸಿಕೊಡುವುದೇ ಇಂತಹ ಯೋಜನೆಯ ಗುರಿ.